ಉಣ್ಣೆಯ ಪಟ್ಟಿ

ಪಿಯಾನೋದ ಬಹುಪಾಲು ಸ್ವರಕ್ಕೆ ಮೂರು ಮೂರು ತಂತಿ.
ಶ್ರುತಿ ಮಾಡುವಾಗ ಮೂರೂ ಒಟ್ಟಿಗೆ ಬಾಯಿ ಬಿಟ್ಟರೆ
ಸುಳ್ಳು ಹೇಳುತ್ತಿರುವುದು ಯಾವುದೆಂದು ತಿಳಿಯುವುದಿಲ್ಲ.
ಅದಕ್ಕೇ ಈ ಉಣ್ಣೆಯ ಪಟ್ಟಿ.
ಸಾಲುದ್ದಕ್ಕೂ ಒಮ್ಮೆ ತುರುಕಿದರೆ
ಅಕ್ಕಪಕ್ಕದವು ಮೂಕ, ನಡುವಿನದು ಮಾತ್ರ ಮಾತು.
ಒಂದೊಂದರ ಬಾಯಿಗೂ ಒಂದೊಂದು ಬೆರಳಿಡಲು
ನನಗಿರುವುದು ಹತ್ತೇ.

ರೌಮಾದಲ್ಲಿ ನಲವತ್ತು ವರ್ಷ ಇದೇ ಕೆಲಸ. ಕಣ್ಣಿಲ್ಲ, ಕಿವಿಯಿದೆ.
ರಾತ್ರಿ, ಸೌನಾದ ಬಿಸಿ ಬೆನ್ನಿನಿಂದ ಇಳಿಯುವ ಮೊದಲೇ
ಆಟಕ್ಕೆ ಕೂರುತ್ತೇನೆ. ಚಿತ್ರವಿಲ್ಲದ ಆಟ, ಬರೀ ಅಕ್ಷರ.
ಯಂತ್ರದ ಹೆಣ್ಣುದನಿ ಓದಿ ಹೇಳುತ್ತದೆ:
ಉತ್ತರಕ್ಕೆ ಜೌಗು. ದಕ್ಷಿಣಕ್ಕೆ ಸೇತುವೆ.
ಇಲ್ಲೊಂದು ತೋಳ ನಿಂತಿದೆ.
ತೋಳ ಅಂದೊಡನೆ ಕತ್ತಿ ಹಿರಿಯಲು ಒಂದು ಟ್ರಿಗರ್,
ರಕ್ತ ಅಂದರೆ ಮದ್ದು ಕುಡಿಯಲು ಒಂದು,
ಸಂತೆಯಲ್ಲಿ ಉಪ್ಪಿನ ಬೆಲೆ ಇಳಿದರೆ ಕೆಮ್ಮಲು ಇನ್ನೊಂದು.
ಕೂಡಿಹಾಕುತ್ತ ಹೋಗಿ ನಾನೂರ ಹನ್ನೆರಡಾದವು.

ಬಂದ ಪ್ರತಿ ಸಾಲೂ ಅಷ್ಟೂ ಕದ ತಟ್ಟಬೇಕು.
"ಕರೆದಿರಾ?" "ಇಲ್ಲ." "ನೀವು?" "ಇಲ್ಲ."
ನಡುಗಡಲಲ್ಲೂ ತೋಳದ ಕಾವಲುಗಾರ ಎಚ್ಚರ,
ಕಾಳಗದ ಮಧ್ಯೆ ಉಪ್ಪಿನ ಕೆಮ್ಮು.
ಮಾತು ತಡವಾಗಿ ಬಂತು, ಸಾವು ಬೇಗ.

ಮೊದಮೊದಲು ಕೊಂದೆ. ಬೇಡದ್ದನ್ನು ಅಳಿಸುವುದು,
ಬೇಕಾದಾಗ ಮತ್ತೆ ಹುಟ್ಟಿಸುವುದು:
ಬಾಣಂತನವಾಯಿತು, ಆಟವಾಗಲಿಲ್ಲ.
ಆಮೇಲೆ ಒಂದೊಂದರ ಹಣೆಗೂ ಪ್ರಶ್ನೆ ಬರೆದೆ:
ಈಗ ಕಾಳಗವೇ? ಹೌದಾದರೆ ಮಾತ್ರ ಏಳು.
ಏಳಬೇಕೋ ಬೇಡವೋ ಎಂದು ಕೇಳಲಿಕ್ಕೇ
ಎಲ್ಲರೂ ಎದ್ದು ಕೂತರು.

ಕೈಸ್ಲಾ ನಕ್ಕಳು. ಆಟದೊಳಗೆ ಅವಳ ಹೆಸರು ಅದು.
ಇದ್ದದ್ದು ಕೆಮಿಯಲ್ಲಿ,
ಮಂಜುಗಡ್ಡೆ ಒಡೆಯುವ ಹಡಗಿನ ಅಡುಗೆಮನೆಯಲ್ಲಿ.
"ಪಿಯಾನೋದವನಲ್ಲವೇ ನೀನು,
ಪಟ್ಟಿ ಎಲ್ಲಿಟ್ಟೆ?" ಎಂದು ಬರೆದಳು.

ಅವತ್ತೇ ಗುಂಪು ಕಟ್ಟಿದೆ. ಕಾಳಗ, ಕಡಲು, ಸಂತೆ.
ಹಡಗು ಹತ್ತಿದೆನೋ, ಒಂದೇ ಮಾತು:
ಕಾಳಗ ಮಲಗಲಿ, ಕಡಲು ಏಳಲಿ.
ಕೊಲ್ಲುವುದಿಲ್ಲ, ಕೇಳುವುದಿಲ್ಲ.
ಮಲಗಿದವರ ಕದವನ್ನು ಯಾವ ಸಾಲೂ ತಟ್ಟುವುದಿಲ್ಲ.

ಒಂದನ್ನು ಮಾತ್ರ ಯಾವ ಗುಂಪಿಗೂ ಸೇರಿಸಲಿಲ್ಲ.
"ಕೈಸ್ಲಾ ಲೋಕಕ್ಕೆ ಬಂದಳು" ಎಂಬ ಸಾಲು ಬಂದರೆ
ಮೇಲಿನ ಒಂದು ಸ್ವರ ನುಡಿಯಬೇಕು.
ನನ್ನದೇ ಪಿಯಾನೋದಿಂದ ಹಿಡಿದಿಟ್ಟದ್ದು,
ಕೂದಲೆಳೆಯಷ್ಟು ಶ್ರುತಿ ಹೆಚ್ಚು. ಬೇಕೆಂದೇ ಬಿಟ್ಟಿದ್ದೆ.

ಮೂರು ಚಳಿಗಾಲ ಅದು ನುಡಿಯಲಿಲ್ಲ.
ಏಕೆಂದು ಕೇಳಲು ನನ್ನಲ್ಲಿ ವಿಳಾಸವಿರಲಿಲ್ಲ,
ಹುಟ್ಟುಹೆಸರೂ.

ಮೊನ್ನೆ ನುಡಿಯಿತು.
ಸಂತೆಯಲ್ಲಿ ನಿಂತಿದ್ದೆ, ಕೈಯಲ್ಲಿ ಉಪ್ಪು.
"ಕತಿ ಎಲ್ಲಿ ಸಿಗತ್ತೆ" ಎಂದಳು ಕೈಸ್ಲಾ.
ಅವಳಲ್ಲ. ಬಹುದಿನ ಬಾರದವರ ಹೆಸರನ್ನು
ಆಟ ಬೇರೆಯವರಿಗೆ ಕೊಟ್ಟುಬಿಡುತ್ತದೆ.
ಯಾರೋ ಹೊಸಬ, ಹನ್ನೆರಡರ ಹುಡುಗನಿರಬೇಕು,
ಒತ್ತಕ್ಷರವೇ ಬಾರದು.
ಸೇತುವೆಯಾಚೆ ಕಮ್ಮಾರನಿದ್ದಾನೆ ಎಂದೆ. ತೋಳ ಇದೆ, ನೋಡಿಕೊಂಡು.

ಅಳಿಸುವ ಆಜ್ಞೆ ಬರೆದು
ಕೊನೆಯ ಕೀಲಿ ಒತ್ತದೆ ತುಸು ಹೊತ್ತು ಕೂತೆ.
ಆಮೇಲೆ ಆಜ್ಞೆಯನ್ನೇ ಅಳಿಸಿದೆ.
ಹೊಸ ಗುಂಪು. ಹೆಸರು ಕೊಡು ಎಂದಿತು ಯಂತ್ರ.
ಪಟ್ಟಿ, ಎಂದೆ.
ಅದರೊಳಗೆ ಅದೊಂದನ್ನೇ ಮಲಗಿಸಿದೆ.

ಮಾರನೆಯ ರಾತ್ರಿ ಹುಡುಗ ಬಂದದ್ದು ನನಗೆ ಗೊತ್ತಾಗಲಿಲ್ಲ.
ತೋಳ ಕಚ್ಚಿದ ಮೇಲೆ ಅವನೇ ಕೂಗಿದ.
ಉಪ್ಪು ಕೆಳಗಿಟ್ಟೆ.
ಸಂತೆ ಮಲಗಲಿ, ಎಂದೆ. ಕಾಳಗ ಏಳಲಿ.