ತಡಕ್ಕೆ ಕಾರಣ

ನಾನು ದುಭಾಷಿ. ಗಂಟೆಗಿಷ್ಟು ಎಂದು ಗೊತ್ತುಮಾಡಿದ ಕೂಲಿ.
ರೊವಿಗೊ ಊರಿನ ಕಾರ್ಮಿಕ ನ್ಯಾಯಾಲಯದ ಮೊಗಸಾಲೆಯಲ್ಲಿ
ಸುಮ್ಮನೆ ಕೂತು ಕಾದ ಹೊತ್ತೂ
ನನ್ನ ಬಿಲ್ಲಿಗೆ ಸೇರುತ್ತದೆ.
ಮಾಲ್ಡೋವಾದ ಎವ್ಡೋಕಿಯಾ ಏಳು ವರ್ಷ ರಾತ್ರಿ ಕಾದಳು,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.
ಅದಕ್ಕೇ ಈ ದಾವೆ.
ಅಡುಗೆಮನೆಯ ಇಟಾಲಿಯನ್ ಅವಳಿಗೆ ಬರುತ್ತದೆ,
ಕೋರ್ಟಿನದು ಬಾರದು. ಅದಕ್ಕೆ ನಾನು.

'ಮಲಗಿರುತ್ತಿದ್ದಳು ಪಕ್ಕದ ಕೋಣೆಯಲ್ಲಿ,
ಇವರದೇ ಹಾಸಿಗೆ, ಇವರದೇ ಹೊದಿಕೆ.
ನಿದ್ದೆಗೂ ಸಂಬಳ ಉಂಟೆ?' ಅಂದರು ವಕೀಲರು.
ಹಿಂದಿನಿಂದ ಮಗ:
'ಮನೆಮಗಳ ಹಾಗೆ ಇಟ್ಟುಕೊಂಡಿದ್ದೆವು,
ಉಂಡ ಮನೆಗೇ ಎರಡು ಬಗೆದಳು.'
ನಾನು ತಿರುಗಿಸಿ ಹೇಳಿದೆ.
ಅವಳು ಇಷ್ಟೇ ಅಂದಳು:
'ಮಗಳಾಗಿದ್ದರೆ ಪಾಲು ಕೇಳುತ್ತಿದ್ದೆ.'

ಸಾಕ್ಷಿ ಏನಿದೆ?
ಕೈಚೀಲದಿಂದ ನಾಲ್ಕು ನೋಟುಬುಕ್ಕು ತೆಗೆದಿಟ್ಟಳು.
ಬರೆದದ್ದು ಅವಳಲ್ಲ; ತೀರಿಹೋದ ಮುದುಕ ಎರ್ಮೆಸ್,
ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ತರನಾಗಿದ್ದವನು.
ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೂ
ಎಡಗೈಗೆ ಹಳೆಯ ಚಟ ಉಳಿದಿತ್ತು.
ಆ ಕೋಣೆಯಲ್ಲಿ ಹೊತ್ತಿಗೆ ಸರಿಯಾಗಿ ಬಂದುಹೋಗುತ್ತಿದ್ದದ್ದು
ಅವಳೊಬ್ಬಳೇ.

೧.೫೦ ಗಂಟೆ ಒತ್ತಿದೆ. ೧.೫೧ ಬಂದಳು. ಮಗ್ಗುಲು. ೨.೧೫ ಹೋದಳು.
೩.೪೦ ಒತ್ತಿದೆ. ೩.೪೧ ಬಂದಳು. ಹಾಸಿಗೆ ಒದ್ದೆ. ೪.೨೦ ಹೋದಳು.
೫.೦೫ ಒತ್ತಿದೆ. ೫.೦೫ ಬಂದಳು. ನೀರು.
ತಡ: ಇಲ್ಲ. ತಡ: ಇಲ್ಲ. ತಡ: ಇಲ್ಲ.

ನ್ಯಾಯಾಧೀಶೆ ಪುಟ ಮಗುಚುತ್ತಾ ಹೋದರು.
ಮಾರ್ಚಿಯ ಒಂದು ರಾತ್ರಿ, ಒಂದೇ ಒಂದು ಕಡೆ,
ತಡ: ಹನ್ನೊಂದು ನಿಮಿಷ.
ಪಕ್ಕದ ಕಾರಣದ ಕಾಲಮ್ಮಿನಲ್ಲಿ
ಇರುವೆ ಹರಿದಂಥ ಸೊಟ್ಟ ಅಕ್ಷರ.
ಯಾರಿಗೂ ಓದಲಾಗಲಿಲ್ಲ.
'ನಿಮ್ಮ ತಂದೆಯ ಕೈಬರಹ, ನೀವೇ ಓದಿ.'
ಮಗ ಎದ್ದುಬಂದ. ಬೆರಳಿಟ್ಟುಕೊಂಡು,
ಒಂದನೇ ಕ್ಲಾಸಿನ ಹುಡುಗನ ಹಾಗೆ, ಒಡೆದು ಒಡೆದು ಓದಿದ:

'ಅವಳ ಊರಿನಿಂದ ಫೋನು.
ಅಡುಗೆಮನೆಯಲ್ಲಿ ಅಳುತ್ತಿದ್ದಳು.
ಮತ್ತೆ ಗಂಟೆ ಒತ್ತಲಿಲ್ಲ.'

ನಾನು ಬಾಯಿ ತೆರೆದೆ.
ಬೇಡ ಎಂದು ಕೈ ಅಡ್ಡ ಹಿಡಿದಳು ಎವ್ಡೋಕಿಯಾ.
ಅದು ಅಡುಗೆಮನೆಯ ಇಟಾಲಿಯನ್.

ತೀರ್ಪು ಮುಂದಿನ ತಿಂಗಳಿಗೆ ಹೋಯಿತು.
ರಾತ್ರಿಯ ಹಾಜರಿಗೆ ದರ ಎಷ್ಟು,
ಬರೀ ಇದ್ದದ್ದಕ್ಕೆಷ್ಟು, ಎದ್ದದ್ದಕ್ಕೆಷ್ಟು,
ಕಾನೂನಿನ ಪುಸ್ತಕ ನೋಡಬೇಕಂತೆ.
ಅವಳು ನೋಟುಬುಕ್ಕುಗಳ ರಸೀದಿ ಕೇಳಿ ಪಡೆದು
ಸಂಜೆಯ ಪಾಳಿಗೆ ಬಸ್ಸು ಹತ್ತಿದಳು;
ಈಗ ಬೇರೆ ಮನೆ, ಬೇರೆ ಮುದುಕಿ.
ನಾನು ಗುಮಾಸ್ತರ ಮೇಜಿನ ಮೇಲೆ ಬಿಲ್ಲು ಬರೆದೆ:
ಮೂರೂವರೆ ಗಂಟೆ,
ಕಾದದ್ದೂ ಸೇರಿ.