ಹೆಬ್ಬೆಟ್ಟು

ಕಾಂದೆಲಿಯಾ ಗಿಡಕ್ಕೆ ಎಲೆ ಇಲ್ಲ.
ಬಂದರೂ ನಾಲ್ಕು ದಿನದ ನೆಂಟರು,
ಉದುರಿಸಿ ಕೈ ತೊಳೆದುಕೊಳ್ಳುತ್ತದೆ.
ಸುಣ್ಣಕಲ್ಲಿನ ಇಳಿಜಾರಿನಲ್ಲಿ ಬರೀ ಕಡ್ಡಿ,
ಬೂದುಹಸಿರು ಕಡ್ಡಿ,
ಪೊರಕೆಯನ್ನು ತಲೆಕೆಳಗು ನೆಟ್ಟ ಹಾಗೆ.
ಉಗುರಿನಲ್ಲಿ ಗೀರಿದರೆ ಬಿಳಿ ಪುಡಿ.
ಅದೇ ಮೇಣ. ಮೈಯೊಳಗಿನ ನೀರು
ಬಿಸಿಲಿನ ಬಾಯಿಗೆ ಬೀಳದ ಹಾಗೆ
ತನಗೆ ತಾನೇ ಬಳಿದುಕೊಂಡದ್ದು.

ಮಳೆ ಚೆನ್ನಾಗಿ ಬಿದ್ದ ವರ್ಷ ಅದಕ್ಕೂ ಸೋಮಾರಿತನ,
ತೆಳ್ಳಗೆ ಸವರಿಕೊಂಡು ಸುಮ್ಮನಿರುತ್ತದೆ.
ಬರ ಬಿದ್ದರೆ ದಪ್ಪ.
ಅದಕ್ಕೇ ಸಂತ ಇಸಿದ್ರೋನ ಹಬ್ಬದ ದಿನ
ಊರಿಗೆ ಊರೇ ಮಳೆಗಾಗಿ ಮಂಡಿಯೂರಿದಾಗ
ಅಪ್ಪ ಅರ್ಧಕ್ಕೇ ಎದ್ದುಬಿಡುತ್ತಿದ್ದ:
"ಜೋಳಕ್ಕೆ ಬೇಕಾದಷ್ಟು ಕೇಳಿದ್ದೇನೆ.
ಸಾಕು."

ಅಪ್ಪನ ಹೆಸರು ನಾಬೋರ್. ಕತ್ತೆಯ ಹೆಸರು ಪಲೋಮೊ.
ನಸುಕಿಗೆ ಇಬ್ಬರೂ ಹೊರಟರೆ
ಹೊತ್ತು ನೆತ್ತಿಗೆ ಬರುವಾಗ
ಬೆಟ್ಟದಿಂದ ಇಳಿಯುವುದು ಒಂದು ಹೊರೆ,
ಅದರ ಕೆಳಗೆ ನಾಲ್ಕು ಕಾಲು,
ಅದರ ಹಿಂದೆ ಒಂದು ಟೋಪಿ.

ನೆಲದಲ್ಲಿ ಗುಂಡಿ, ಗುಂಡಿಯ ಮೇಲೆ ಕೊಪ್ಪರಿಗೆ.
ಕಡ್ಡಿ ತುಳಿದು ತುಂಬಿ, ಜಾಲರಿ ಬಿಗಿದು,
ಕುದಿ ಬಂದಾಗ ಒಂದು ಲೋಟ ಆಸಿಡ್.
(ಲೋಟಕ್ಕೆ ಹಿಡಿ ಇತ್ತಂತೆ, ನಾನು ಕಂಡಿಲ್ಲ.)
ಆಗ ಏಳುತ್ತದೆ ನೊರೆ,
ಹಾಲಿನ ಕೆನೆಯಂಥದ್ದೇನಲ್ಲ,
ಮಣ್ಣುಬಣ್ಣದ್ದು, ಮೂಗು ಸುಡುವಂಥದ್ದು.
ತೂತುಸೌಟಿನಲ್ಲಿ ಬಾಚಿ ಬಾಚಿ ಪೀಪಾಯಿಗೆ.
ಬೆಂದ ಕಡ್ಡಿಯನ್ನು ಒಣಗಿಸಿ
ಅದರಲ್ಲೇ ಮರುದಿನದ ಕಡ್ಡಿಯನ್ನು ಬೇಯಿಸುತ್ತೇವೆ.
ತನ್ನ ಸೌದೆಯನ್ನು ತಾನೇ ಹೊತ್ತು ಬರುವ ಗಿಡ ಅದು.

ಐವತ್ತು ಕಿಲೋ ಗಿಡಕ್ಕೆ ಒಂದು ಕಿಲೋ ಮೇಣ,
ಅದೂ ಚೋನಾ ಅತ್ತೆ ತೂಗದಿದ್ದರೆ.
ತಾತನ ಕಾಲದಲ್ಲಿ ಕತ್ತೆಗಳ ಗೊರಸಿಗೆ ಗೋಣಿ ಕಟ್ಟಿ
ಅಮಾವಾಸ್ಯೆಯ ರಾತ್ರಿ ಹೊಳೆ ದಾಟಿಸುತ್ತಿದ್ದರಂತೆ,
ಆಚೆ ದಡದಲ್ಲಿ ಎರಡರಷ್ಟು ಬೆಲೆ.
ಈಗ ಲಾರಿ ಬರುತ್ತದೆ, ರಸೀದಿ ಬರುತ್ತದೆ.
ಬೆಲೆ ಮಾತ್ರ ಆಚೆ ದಡದಲ್ಲೇ ಕೂತಿದೆ.

ಏಪ್ರಿಲ್‌ನಲ್ಲಿ ವೃದ್ಧಾಪ್ಯ ವೇತನದ ಕಾರ್ಡಿಗೆಂದು
ಅಪ್ಪನನ್ನು ಓಕಾಂಪೊಗೆ ಕರೆದೊಯ್ದೆ.
ಗಾಜಿನ ಮೇಲೆ ಹೆಬ್ಬೆಟ್ಟು ಇಡಿ, ಎಂದರು.
ಇಟ್ಟ. ಕೆಂಪು ದೀಪ.
ಒರೆಸಿ ಇಡಿ. ಕೆಂಪು.
ಎಡಗೈ. ಕೆಂಪು.
ಮೂರನೇ ಕ್ಲಾಸು ಓದಿ ಸಹಿ ಕಲಿತವನು ನನ್ನಪ್ಪ,
ಹೆಬ್ಬೆಟ್ಟು ಒತ್ತುವವರನ್ನು ಕಂಡರೆ
ಒಳಗೊಳಗೇ ಸಣ್ಣ ಜಂಬ ಇತ್ತು ಅವನಿಗೆ.
ಈಗ ಒತ್ತಲು ಹೆಬ್ಬೆಟ್ಟೇ ಇಲ್ಲ.
ನಲವತ್ತಾರು ವರ್ಷದ ಹಬೆ, ಬಿಸಿ ಮೇಣ
ಗೆರೆಗಳನ್ನೆಲ್ಲ ಒಂದೊಂದಾಗಿ
ಚೀಲಕ್ಕೆ ತುಂಬಿ ಕಳಿಸಿಬಿಟ್ಟಿದ್ದವು.

"ನಿಮ್ಮ ಬೆರಳಲ್ಲಿ ಯಾರೂ ಇಲ್ಲವಲ್ಲ, ಯಜಮಾನ್ರೇ!"
ತಮಾಷೆಗೇ ಅಂದಳು ಗುಮಾಸ್ತೆ ಯೆಸೇನಿಯಾ.
ಅಪ್ಪ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು
ಪಾಳು ಮನೆಯ ಕಿಟಕಿಗೆ ಇಣುಕುವ ಹಾಗೆ ನೋಡಿದ.

ಅವಳು ತನ್ನ ಚೀಲದಿಂದ ಪುಟ್ಟ ಡಬ್ಬಿ ತೆಗೆದಳು.
"ಕೈಗೆ ಹಚ್ಚೋ ಕ್ರೀಮು. ಒಣಗಿದ ಬೆರಳಿಗೆ ಸವರಿದರೆ
ಒಂದೊಂದು ಸಲ ಮೆಷಿನ್ನು ಹಿಡಿಯುತ್ತೆ."
ಅವಳು ಸವರುವಾಗ ನಾನು ಡಬ್ಬಿ ತಿರುಗಿಸಿ
ಇರುವೆ ಸಾಲಿನಂಥ ಅಕ್ಷರ ಓದಿದೆ:
ನೀರು, ಬಾದಾಮಿ ಎಣ್ಣೆ, ನಾಲಿಗೆಗೆ ಹೊರಳದ ಎರಡು ಹೆಸರು,
ಐದನೆಯದಾಗಿ ನಾವು.

ಹೇಳಲಿಲ್ಲ ನಾನು. ಅಷ್ಟರಲ್ಲಿ ಅಪ್ಪ
ಹೆಬ್ಬೆಟ್ಟನ್ನು ತೋರುಬೆರಳಿಗೆ ತಿಕ್ಕಿ, ನಿಧಾನಕ್ಕೆ,
ದಲ್ಲಾಳಿಯ ಎದುರು ಮಾಲು ಪರೀಕ್ಷಿಸುವ ಹಾಗೆ,
"ಬರಗಾಲದ್ದು," ಎಂದ.
"ಏನಂದ್ರಿ?" ಎಂದಳು ಯೆಸೇನಿಯಾ.

ನಾಲ್ಕನೆಯ ಸಲಕ್ಕೆ ಹಸಿರು.
ಪರದೆಯ ಮೇಲೆ ಅಪ್ಪನ ಗೆರೆಗಳು ಮೂಡಿದವು,
ಮಂಕು ಮಂಕಾಗಿ, ನಡುವೆ ಒಂದು ಕಡೆ
ಕೊಚ್ಚಿಹೋದ ದಾರಿಯ ಹಾಗೆ ಖಾಲಿ.
ಸಾಕಂತೆ ಅಷ್ಟು, ಕಾರ್ಡಿಗೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ
ಆ ಹೆಬ್ಬೆಟ್ಟನ್ನು ಯಾವುದಕ್ಕೂ ತಾಗಿಸದೆ
ಹಸಿ ಬಣ್ಣದ ಬಾಗಿಲಿನಂತೆ ಎತ್ತಿ ಹಿಡಿದಿದ್ದ.
ಮನೆ ಮುಟ್ಟಿದಾಗ ಕತ್ತಲು.
ಬೇಲಿಯ ಹತ್ತಿರ ನಿಂತು ಕೈ ಚಾಚಿದ.
ಪಲೋಮೊ ಮೂಸಿತು, ಮತ್ತೊಮ್ಮೆ ಮೂಸಿತು,
ಆಮೇಲೆ ಪೂರ್ತಿ ನೆಕ್ಕಿಬಿಟ್ಟಿತು.