ಒರೆಸಿದರೆ ಹೋಗದ್ದು

ಬಸ್ಸಿನ ಹೊಗೆ ಕಣಮ್ಮ, ಅಂದಳು ಪಿಳ್ಳಮ್ಮ.
ಹೆಬ್ಬಾಳದ ಸ್ಟಾಪಿನಲ್ಲಿ ಅವಳ ಹೂಬುಟ್ಟಿಗೆ
ನೆರಳಾದ ನೇರಳೆಯ ಎಲೆ ಕಿತ್ತು
ಎಂಜಲು ಸವರಿ ಹೆಬ್ಬೆರಳಲ್ಲಿ ಉಜ್ಜಿದಳು.
ಹೋಗಲಿಲ್ಲ.
ಹೊಗೆಯಾಗಿದ್ದರೆ ಬೆರಳಿಗಾದರೂ ಬರಬೇಕಿತ್ತು.

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ
ಬಣ್ಣವಿಲ್ಲದ ನೇಲ್ ಪಾಲಿಶ್ ಕೇಳಿದೆ.
ಅಂಗಡಿಯವನು ನನ್ನ ಮೊಂಡು ಉಗುರು ನೋಡಿ
ಕೆಂಪಿದೆ, ಗುಲಾಬಿ ಇದೆ ಮೇಡಂ, ಅಂದ.
ಎಲೆಗೆ ಅಂತ ಹೇಳಲಿಲ್ಲ.

ಒಂದು ಪದರ ಬಳಿದು, ಒಣಗಿಸಿ,
ಹಾಲಿನ ಕೆನೆ ಎತ್ತುವ ಹಾಗೆ ಎತ್ತಿದರೆ
ಶಿಲೀಂಧ್ರ ಇಡಿಯಾಗಿ ಬರುತ್ತದೆ,
ಅಡಿಯಲ್ಲಿ ಹಸಿರು ಹಾಗೇ ಇರುತ್ತದೆ.
ಕೊಲ್ಲುವ ಪೈಕಿಯಲ್ಲ ಇದು. ಎಲೆ ಸತ್ತರೆ ತಾನೂ ಸತ್ತೀತು,
ಅದಕ್ಕೇ ಸಣ್ಣ ಗುಟುಕು.

ಗಾಜಿನಡಿ ಕಂದು ಎಳೆಗಳ ಗಲ್ಲಿ.
ಗಲ್ಲಿಯ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೆ
ಎರಡು ಕೋಶದ ಗಿಡ್ಡ ತಲೆಗಳು, ಎಲೆಯನ್ನು ಅವುಚಿಕೊಂಡು.
ಅಲ್ಲಲ್ಲಿ ಸೀಸೆಯಾಕಾರದವು. ನಡುವೆ ಕರಿ ಗುಂಡು,
ಸಾಸಿವೆಯ ಮೊಮ್ಮಗ. ಒಡೆದರೆ
ನಾಲ್ಕು ಅಡ್ಡಗೋಡೆ, ಐದು ಕೋಣೆಯ ಬೀಜಕ:
ನಮ್ಮ ಗುಟ್ಟಹಳ್ಳಿಯ ವಠಾರ, ಬಾಗಿಲಿಲ್ಲ ಅಷ್ಟೆ.

ಇದಿಷ್ಟನ್ನೂ ಎಂಟು ಅಂಕಿಯಲ್ಲಿ ಬರೆಯಬೇಕು, ನಡುವೆ ಒಂದು ಚುಕ್ಕೆ.
ಆರು ಬರೆದೆ. ಉಳಿದೆರಡು ಬಿರುಗೂದಲಿನವು:
ಇದೆಯೇ, ಎಷ್ಟುದ್ದ.
ಕೂದಲಿದ್ದರೆ ಮೀಲಿಯೋಲ,
ಬೋಳಾದರೆ ಪಕ್ಕದ ಮನೆ, ಆಸ್ಟೆರಿಡಿಯೆಲ್ಲ.

ಇತ್ತು. ಒಂದೇ ಒಂದು.
ಗುಂಡಿನ ಬುಡದಲ್ಲಿ, ಅರ್ಧಕ್ಕೆ ಮುರಿದದ್ದು.
ಫಿಲೋಮಿನಾ ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು.
ನಿನ್ನ ಶಾಲಿನ ಎಳೆ, ಅಂದರು. ಸೊನ್ನೆ ಹಾಕು.
ಮೂವತ್ತು ವರ್ಷ ಸೊನ್ನೆ ಹಾಕಿದ ಕೈ, ತಪ್ಪಲಿಕ್ಕಿಲ್ಲ.
ನಾನು ಶಾಲು ಹೊದ್ದಿರಲಿಲ್ಲ.

ಇನ್ನೊಂದು ಎಲೆಗೆಂದು ಸ್ಟಾಪಿಗೆ ಹೋದರೆ
ಕರೆಂಟಿನವರು ತಂತಿಗೆ ತಾಗಿದ್ದನ್ನೆಲ್ಲ ಸವರಿ
ತಿಂಗಳಾಗಿತ್ತು. ಚಿಗುರು ಬಂದಿತ್ತು,
ತೊಳೆದು ಬೋರಲು ಹಾಕಿದ ತಟ್ಟೆಗಳ ಹಾಗೆ.
ಒಂದು ಚುಕ್ಕಿಯಿಲ್ಲ.

ಪೆನ್ಸಿಲ್ಲಲ್ಲಿ ಎರಡು ಸೊನ್ನೆ ಬರೆದೆ, ಅಳಿಸಿದೆ,
ಅಳಿಸಿದ್ದು ಕಾಣುವ ಹಾಗೇ ಲಕೋಟೆ ಮುಚ್ಚಿದೆ.
ಪಿಳ್ಳಮ್ಮ ಮೊಳ ಹಾಕುತ್ತ ದಿನಾ ಕೇಳುತ್ತಾಳೆ,
ಸಿಕ್ತೇನಮ್ಮ ನಿನ್ನ ಕೂದಲು?
ಇನ್ನೂ ಎಳೆಯದು, ಅನ್ನುತ್ತೇನೆ. ಮಸಿ ಹತ್ತಲಿ.